ಟ್ರಂಕ್ ಬೋರ್ಡಿನ ಮಿಸ್

"ಅದು ಬೇಕರಿ ಅಲ್ಲ ಕಣ್ರೀ. ಬೇಕರಿ ಆಚೆ ಬದಿ. ಇದು ಕೊಡೆ ರಿಪೇರಿ ಅಂಗಡಿ."

"ಕೊಡೆ ರಿಪೇರಿ ಅಂಗಡಿ ಮುಂದೆ ಹೊಂಗೆ ಮರ ಇತ್ತು. ಇಲ್ಲೆಲ್ಲಿದೆ ಮರ?"

"ಮರ ಆಮೇಲೆ ಬಂತು."

"ಆಮೇಲೆ ಬರೋಕೆ ಅದೇನು ಬಾಡಿಗೆದಾರನಾ?"

ನಮ್ಮ ಭಾನುವಾರದ ಕೂಟ ಶುರುವಾಗುವುದೇ ಹೀಗೆ. ಚಾಮರಾಜಪುರಂನ ಒಂದು ಪುಟ್ಟ ವಾಚನಾಲಯದ ಹಿಂದಿನ ಕೋಣೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಹದಿನೈದಿಪ್ಪತ್ತು ಜನ ಸೇರುತ್ತೇವೆ. ಹೆಚ್ಚಿನವರು ಪಿಂಚಣಿದಾರರು. ಸ್ಟುಡಿಯೋ ನಡೆಸುತ್ತಿದ್ದ ನಂಜುಂಡ, ಅಂಗಡಿ ಮುಚ್ಚುವಾಗ ಕ್ಯಾಮೆರಾಗಳನ್ನೆಲ್ಲ ಮಾರಿ, ಅವನಪ್ಪನ ಕಾಲದ ನೆಗೆಟಿವ್ ಡಬ್ಬಿಗಳನ್ನು ಮಾತ್ರ ಉಳಿಸಿಕೊಂಡಿದ್ದ. ಅವನ್ನು ಕಂಪ್ಯೂಟರಿಗೆ ಹತ್ತಿಸಿಕೊಂಡು ವಾರಕ್ಕೆ ಹತ್ತು ಚಿತ್ರ ತರುತ್ತಾನೆ. ಪ್ರೊಜೆಕ್ಟರ್‌ನಿಂದ ಗೋಡೆಯ ಮೇಲೆ ಬೀಳಿಸುತ್ತಾನೆ. ಹಳೆಯ ಮೈಸೂರಿನ ಬೀದಿ, ಅಂಗಡಿ, ಗಾಡಿ ನಿಲ್ದಾಣ, ಮೂಲೆಯ ಸೋಡಾ ಅಂಗಡಿ. ನಾವು ಕೂತು ಜಗಳವಾಡುತ್ತೇವೆ. ಹನ್ನೊಂದೂವರೆಗೆ ಕಾಫಿ ಬರುತ್ತದೆ. ಆಮೇಲೂ ಜಗಳ ಮುಂದುವರಿಯುತ್ತದೆ. ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಹೇಳಿಕೊಟ್ಟ ನಾನು ಈ ಸದ್ದಿಲ್ಲದೆ ಭಾನುವಾರ ಕಳೆಯಲಾರೆನಾದ್ದರಿಂದ, ಕೂಟದ ಬೀಗದ ಕೈ ನನ್ನ ಹತ್ತಿರವೇ ಇದೆ.

ಈ ಕೂಟಕ್ಕೆ ನಾಲ್ಕು ವರ್ಷ ತಪ್ಪದೆ ಬಂದು, ಈಚೆಗೆ ತೀರಿಕೊಂಡ ಒಬ್ಬರ ವಿಷಯ ಬರೆಯಬೇಕೆಂದು ಕೂತಿದ್ದೇನೆ. ಹೆಸರು ಹೇಳುವುದಿಲ್ಲ. ಹೇಳಿದ್ದರೆ ಅವರಿಗೇ ಹಿಡಿಸುತ್ತಿರಲಿಲ್ಲ. ನಾವೆಲ್ಲ ಅವರನ್ನು ಮಿಸ್ ಎಂದು ಕರೆಯುತ್ತಿದ್ದೆವು. ಅವರು ಟೀಚರಲ್ಲ. ಆದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಮುಖ ಒಳಮಗ್ಗುಲಿಗೆ ಬರುವಂತೆ ಕಟ್ಟಿದ ವಾಚು, ಮಡಚಿದ ಕೊಡೆ, ಇವನ್ನೆಲ್ಲ ಕಂಡರೆ ಬೇರೆ ಪದ ಬಾಯಿಗೆ ಬರುತ್ತಿರಲಿಲ್ಲ.

ಮೊದಲ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಗೋಡೆಯ ಮೇಲೆ ಅಶೋಕ ರಸ್ತೆಯ ಒಂದು ಚಿತ್ರ. ಔಷಧಿ ಅಂಗಡಿಯೋ ಸಾಬೂನು ಏಜೆನ್ಸಿಯೋ ಎಂದು ವಾದ ನಡೆದಿತ್ತು. ಬೋರ್ಡಿನ ಅರ್ಧ ಅಕ್ಷರ ಮಾತ್ರ ಕಾಣುತ್ತಿತ್ತು. ಹಿಂದಿನಿಂದ ಒಂದು ಸ್ಪಷ್ಟವಾದ ದನಿ ಅಂಗಡಿಯ ಪೂರ್ತಿ ಹೆಸರು ಹೇಳಿತು. ಅದರ ಹಿಂದೆಯೇ ಒಂದು ಹಳೆಯ ಟೆಲಿಫೋನ್ ನಂಬರನ್ನೂ ಅಂಕಿ ಅಂಕಿಯಾಗಿ ಹೇಳಿತು.

ಎಲ್ಲರೂ ತಿರುಗಿದೆವು.

"ತಾವು ಅಲ್ಲಿ ಕೆಲಸಕ್ಕಿದ್ರಾ ಅಮ್ಮ?" ಎಂದು ಕೇಳಿದೆ.

"ಇಲ್ಲ. ನಾನು ಈ ಅಂಗಡಿ ನೋಡ್ತಿರೋದೇ ಇವತ್ತು."

ಆಮೇಲೆ ತಿಳಿಯಿತು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಬೋರ್ಡಿನ ಆಪರೇಟರ್ ಆಗಿದ್ದವರು. ಪರವೂರಿಗೆ ಫೋನ್ ಮಾಡಬೇಕೆಂದರೆ ಮೊದಲು ಕರೆ ಬುಕ್ ಮಾಡಿ, ಆಪರೇಟರ್ ಎರಡೂ ಊರಿನ ಲೈನ್ ಸೇರಿಸುವವರೆಗೆ ಕಾದು ಕೂರಬೇಕಿದ್ದ ಕಾಲ ಅದು. ಇವರು ಇಪ್ಪತ್ತನೇ ವಯಸ್ಸಿಗೆ ಆ ಬೋರ್ಡಿನ ಮುಂದೆ ಕೂತವರು, ಅದು ಇಲ್ಲವಾಗುವವರೆಗೂ ಏಳಲಿಲ್ಲ. ದೊಡ್ಡ ಚರ್ಚಿನ ಹಿಂದಿನ ಬೀದಿಯ ಮನೆ, ಎಕ್ಸ್‌ಚೇಂಜು, ಭಾನುವಾರದ ಪೂಜೆ. ಅವರ ಓಡಾಟ ಅಷ್ಟರಲ್ಲೇ. ಊರಿನ ಅಂಗಡಿಗಳನ್ನು ಅವರು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಮಾಲೀಕರ ದನಿ, ಕೆಮ್ಮು, ಗದರಿಕೆ, ಹಿಂದಿನಿಂದ ಬರುವ ತಕ್ಕಡಿ ಸದ್ದು, ಎಲ್ಲ ಅವರಿಗೆ ಗೊತ್ತು. ಮುಖ ಗೊತ್ತಿಲ್ಲ.

ಹಾಗಾಗಿ ನಮಗೆಲ್ಲ ನೆನಪಿನ ಕೂಟವಾಗಿದ್ದದ್ದು ಅವರಿಗೆ ಪರಿಚಯದ ಕೂಟ. ನಾವು "ಅಯ್ಯೋ, ಎಷ್ಟು ಬದಲಾಗಿಹೋಯ್ತು" ಎಂದು ನಿಟ್ಟುಸಿರಿಡುವಾಗ ಅವರು "ಓಹೋ, ಇವರೇನಾ ಅವರು!" ಎಂದು ಬೆಂಚಿನ ತುದಿಗೆ ಸರಿಯುತ್ತಿದ್ದರು. ಒಮ್ಮೆ ಬೆಲ್ಲದ ಮಂಡಿಯ ಮುಂದೆ ನಿಂತಿದ್ದ ಒಬ್ಬ ಭಾರಿ ಆಸಾಮಿಯ ಚಿತ್ರ ಬಂತು. ಗಿರಿಜಾ ಮೀಸೆ, ಪಂಚೆಯ ಮೇಲೆ ಬೆಲ್ಟು. ಯಾರೋ ಅವರ ಹೆಸರು ಹೇಳಿದ್ದೇ ತಡ, ಮಿಸ್ ಬಾಯಿ ಮುಚ್ಚಿಕೊಂಡು ನಗತೊಡಗಿದರು.

"ಈ ಮೀಸೆಗೆ ಆ ದನೀನಾ! ಹೆಂಗಸರು ಅಂತ ತಿಳ್ಕೊಂಡು ಎರಡು ವರ್ಷ ನಾನು ಅವರನ್ನ ಮೇಡಂ ಅಂತಿದ್ದೆ. ಪಾಪ, ಒಂದು ದಿನಾನೂ ತಿದ್ದಲಿಲ್ಲ."

ಇನ್ನೊಬ್ಬ ಹೋಟೆಲ್ ಮಾಲೀಕರ ಚಿತ್ರ ಕಂಡಾಗ ಹೇಳಿದರು, "ಇವರು ಫೋನೆತ್ತಿದ್ರೆ ಹಲೋ ಅಂತಿರಲಿಲ್ಲ. 'ಯಾರು ಹೋದ್ರು?' ಅಂತಿದ್ರು." ಟ್ರಂಕ್ ಕಾಲ್ ಬಂದರೆ ಸಾವಿನ ಸುದ್ದಿ ಎಂದೇ ಜನ ಹೆದರುತ್ತಿದ್ದ ಕಾಲ. "ಅವರ ಹೆಂಡತಿಗೆ ಹೆರಿಗೆ ಆಗಿತ್ತು. ಗಂಡು ಮಗು. ನಾನು ಲೈನ್ ಸೇರಿಸಿದ್ರೆ ಈ ಮನುಷ್ಯ ಆಗಲೇ ಅಳೋಕೆ ಶುರು ಮಾಡಿದ್ರು. ಆ ಕಡೆಯ ಮಾವ 'ಮಗು, ಮಗು' ಅಂತಾರೆ, ಇವರು 'ಅಯ್ಯೋ ಮಗೂನೂ ಹೋಯ್ತಾ' ಅಂತಾರೆ."

ಕೋಣೆ ನಗುವಿನಿಂದ ತುಂಬಿತು. ಇಷ್ಟು ಹೇಳಿದವರು, ಅದಕ್ಕಿಂತ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಊರೆಲ್ಲ ನಕ್ಕು ಹಳೆಯದಾದ ಸಂಗತಿಯಾದರೆ ಸರಿ, ಆ ಹೋಟೆಲಿನವರೇ ಗಲ್ಲಾದ ಮೇಲೆ ಕೂತು ಅದನ್ನು ಎಲ್ಲರಿಗೂ ಹೇಳಿಕೊಂಡಿದ್ದರಂತೆ. ಉಳಿದದ್ದಕ್ಕೆಲ್ಲ ಬೀಗ. ಒಂದು ದಿನ ನಂಜುಂಡ ಆಸೆಪಟ್ಟು ಕೇಳಿದ.

"ಮಿಸ್, ದೊಡ್ಡ ದೊಡ್ಡೋರ ಮಾತೆಲ್ಲ ಕೇಳ್ಸ್ಕೊಂಡಿರ್ತೀರಲ್ವಾ? ಒಂದೇ ಒಂದು ಏಳಿ. ಎಂಗೂ ಅವ್ರೆಲ್ಲ ಓಗ್ಬಿಟ್ರು."

"ಕೇಳಿದ್ದೀನಿ. ಕಾಫಿ ಆರೋಗತ್ತೆ, ಕುಡಿ."

ಅಷ್ಟೇ. ಮೂವತ್ತು ವರ್ಷ ಹೆಡ್‌ಸೆಟ್ ಹೊತ್ತ ಎಡಗಿವಿ ಅವರಿಗೆ ಮಂದವಾಗಿತ್ತು. ಹೇಳಲು ಇಷ್ಟವಿಲ್ಲದ ಪ್ರಶ್ನೆಗಳೆಲ್ಲ ಆ ಕಿವಿಗೇ ಬೀಳುತ್ತಿದ್ದವು. "ಈ ಕಿವಿ ಸರ್ಕಾರಕ್ಕೆ ಕೊಟ್ಟೆ ಮೇಷ್ಟ್ರೇ, ಇನ್ನೊಂದನ್ನ ನನಗೆ ಇಟ್ಕೊಂಡಿದ್ದೀನಿ" ಎನ್ನುತ್ತಿದ್ದರು. ಕೂಟದಲ್ಲಿ ಮೂವರು ಒಟ್ಟಿಗೆ ಬಾಯಿ ಹಾಕಿದರೆ ಕೈಯೆತ್ತಿ, "ನೀವು ಕ್ಯೂನಲ್ಲಿದ್ದೀರಿ ಸಾರ್, ಸ್ವಲ್ಪ ಕಾಯಿರಿ" ಎಂದು ಹಳೆಯ ಕೆಲಸದ ದನಿಯಲ್ಲಿ ಹೇಳಿ ಅವರನ್ನು ಸುಮ್ಮನಾಗಿಸುತ್ತಿದ್ದರು. ನನ್ನ ಮೂವತ್ತೈದು ವರ್ಷದ ಮೇಷ್ಟ್ರಗಿರಿಯಲ್ಲಿ ಅಷ್ಟು ಬೇಗ ಒಂದು ತರಗತಿಯನ್ನು ತಣ್ಣಗೆ ಮಾಡಿದ್ದು ನನಗೆ ನೆನಪಿಲ್ಲ.

ಕೂಟದಲ್ಲಿ ಶಿವಮೂರ್ತಿ ಎನ್ನುವವರಿದ್ದಾರೆ. ವಿಮಾ ಕಚೇರಿಯಿಂದ ನಿವೃತ್ತರು, ಅರವತ್ತೈದು ದಾಟಿದವರು, ಹಣೆಯಲ್ಲಿ ಮೂರು ಗೆರೆ ವಿಭೂತಿ, ಬಾಯಲ್ಲಿ ಸದಾ ಏನಾದರೊಂದು ತಮಾಷೆ. ಅವರ ಹಿರಿಯರದ್ದು ಸಂತೆಪೇಟೆಯಲ್ಲಿ ಜವಳಿ ಅಂಗಡಿ. ಅಂಗಡಿ ಹೋಗಿ ಎಷ್ಟೋ ಕಾಲವಾಗಿದೆ. "ನಮ್ಮ ಅಂಗಡಿ ಫೋಟೋ ಸಿಕ್ಕಿದ್ರೆ ಎಲ್ರಿಗೂ ಹೋಳಿಗೆ ಊಟ" ಎಂದು ಅವರು ಬಹಳ ಸಲ ಹೇಳಿದ್ದರು.

ಕಳೆದ ವರ್ಷ ಡಿಸೆಂಬರಿನಲ್ಲಿ ಅದು ಸಿಕ್ಕಿತು. ನಂಜುಂಡ ಸುದ್ದಿ ಬಿಡದೆ, ಎಲ್ಲದರ ಕೊನೆಗೆ ಇಟ್ಟುಕೊಂಡು, ನಾಟಕದ ಪರದೆ ಸರಿಸುವವನ ಹಾಗೆ ತೋರಿಸಿದ. ಉದ್ದನೆಯ ಅಂಗಡಿ. ಮೇಲೆ ಬೋರ್ಡು: 'ಗುರುಸಿದ್ದಪ್ಪ ಅಂಡ್ ಬ್ರದರ್, ಜವಳಿ ವರ್ತಕರು'. ಮೆಟ್ಟಿಲ ಮೇಲೆ ಇಬ್ಬರು. ದೊಡ್ಡವರು ಟೋಪಿ ಹಾಕಿದ್ದಾರೆ, ಚಿಕ್ಕವರು ಕ್ರಾಪು ಬಾಚಿದ್ದಾರೆ. ದೊಡ್ಡವರ ಕೈ ಚಿಕ್ಕವರ ಹೆಗಲ ಮೇಲಿದೆ. ಇಬ್ಬರೂ ಏನೋ ಮಾತಿಗೆ ನಗುತ್ತಿದ್ದಾರೆ.

"ಶಿವಣ್ಣ, ಓಳಿಗೆ!" ಎಂದ ನಂಜುಂಡ.

ಶಿವಮೂರ್ತಿ ಎದ್ದು ಗೋಡೆಯ ಹತ್ತಿರ ಹೋದರು. ಟೋಪಿಯವರ ಮುಖವನ್ನು ಬಹಳ ಹೊತ್ತು ನೋಡಿದರು. "ಅಪ್ಪಾಜಿ" ಎಂದರು.

"ಪಕ್ಕದಲ್ಲಿರೋರು ನಿಮ್ಮ ಚಿಕ್ಕಪ್ಪ ಇರಬೇಕಲ್ವಾ?" ಎಂದು ಯಾರೋ ಕೇಳಿದರು.

"ಅಪ್ಪಾಜಿಗೆ ಒಬ್ಬ ತಮ್ಮ ಇದ್ದ. ನನಗೆ ಚಿಕ್ಕಪ್ಪ ಅಂತ ಯಾರೂ ಇಲ್ಲ. ಸಾಕು, ಆರಿಸು ನಂಜುಂಡ."

ಪ್ರೊಜೆಕ್ಟರ್ ಆರಿತು. ಕಾಫಿ ಕುಡಿಯುವಾಗ ಅವರೇ ಹೇಳಿದರು, ನಾವಾರೂ ಕೇಳಿರಲಿಲ್ಲ. ಅಣ್ಣತಮ್ಮಂದಿರ ಜಗಳ ಶುರುವಾದದ್ದು ಟೆರಿಲಿನ್ ಬಟ್ಟೆಯಿಂದ. ತಮ್ಮನಿಗೆ ಅದನ್ನು ಅಂಗಡಿಯಲ್ಲಿ ಇಡಬೇಕೆಂಬ ಹಟ. ಹತ್ತಿ, ರೇಷ್ಮೆ ಬಿಟ್ಟು ಇನ್ನೊಂದು ನೂಲು ಈ ಹೊಸಿಲು ದಾಟಬಾರದೆಂದು ಅಣ್ಣನ ಹಟ. ಮಾತಿಗೆ ಮಾತು ಬೆಳೆದು ತಮ್ಮ ಹೆತ್ತ ತಾಯಿಗೇ ಒಂದು ಒರಟು ಮಾತು ಆಡಿಬಿಟ್ಟ. ಅಂಗಡಿಯ ನಡುವೆ ಗೋಡೆ ಎದ್ದಿತು. ವರ್ಷದೊಳಗೆ ತಮ್ಮ ತನ್ನ ಅರ್ಧವನ್ನು ಮಾರಿ ದಾವಣಗೆರೆಗೆ ಹೋಗಿ ಅಲ್ಲಿ ಅಂಗಡಿ ಹಾಕಿದ.

"ಎಂಟು ವರ್ಷ. ಒಂದು ಕಾಗದ ಇಲ್ಲ, ಒಂದು ಮಾತಿಲ್ಲ. ಅಪ್ಪಾಜಿ ಹೋದ ದಿನ ಮಣ್ಣಿಗೆ ಬಂದ್ರು, ಬಾಡಿಗೆ ಕಾರಲ್ಲಿ. ನನಗಾಗ ಇಪ್ಪತ್ತೈದು. ಗೇಟಲ್ಲೇ ಅಡ್ಡ ನಿಂತೆ. ಬದುಕಿದ್ದಾಗ ಒಂದು ಮಾತಾಡದೋರು ಹೆಣ ನೋಡೋಕೆ ಬರಬೇಡಿ ಅಂದೆ. ಒಂದು ನಿಮಿಷ ನನ್ನ ಮುಖ ನೋಡಿದ್ರು. ಏನೂ ಅನ್ನಲಿಲ್ಲ. ಹಂಗೇ ಕಾರು ಹತ್ತಿ ಹೊರಟುಹೋದ್ರು." ಶಿವಮೂರ್ತಿ ಲೋಟ ಕೆಳಗಿಟ್ಟರು. "ಇನ್ನೂ ಇದಾರಂತೆ. ತೊಂಬತ್ತಾಯ್ತು. ಅವರ ಮಗ ಮನೆ ಮದುವೆಗೆಲ್ಲ ಲಗ್ನಪತ್ರಿಕೆ ಕಳಿಸ್ತಾನೆ. ನಾನು ಒಡೆದೂ ನೋಡಲ್ಲ. ನಾನು ಮಾಡಿದ್ದು ತಪ್ಪು ಅಂತ ಯಾವತ್ತೂ ಅನ್ಸಿಲ್ಲ ಕಣ್ರೀ."

ತಪ್ಪು ಅನ್ನಿಸದವರು ಅದನ್ನು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ ಎಂದು ನನಗನ್ನಿಸಿತು. ಮಿಸ್ ಕಡೆ ನೋಡಿದೆ. ಅವರ ಕಾಫಿ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಯಾವ ಅಂಗಡಿ ಕಂಡರೂ ಅದರ ನಂಬರ್ ಹೇಳುತ್ತಿದ್ದ ಅವರು ಅವತ್ತು ಆ ಅಂಗಡಿಯ ನಂಬರನ್ನು ಹೇಳಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಯಾರಿಗೂ ಹೇಳದೆ ಕೊಡೆ ಎತ್ತಿಕೊಂಡು ಹೊರಟುಹೋದರು.

ಮುಂದಿನ ಭಾನುವಾರ ಬರಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಸೋಮವಾರ ಅವರ ಮನೆ ಹುಡುಕಿಕೊಂಡು ಹೋದೆ. ತಮ್ಮನ ಸಂಸಾರದ ಜೊತೆ ಇದ್ದರು. ಮನೆ ತುಂಬ ಕ್ರಿಸ್‌ಮಸ್ ಗಡಿಬಿಡಿ. ಮಹಡಿಯಲ್ಲಿ ಯಾರೋ ಗಿಟಾರ್ ಹಿಂಸಿಸುತ್ತಿದ್ದರು. ಮಿಸ್ ಅಡುಗೆಮನೆಯಲ್ಲಿ ಕೂತು ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಬಿಡುತ್ತಿದ್ದರು. ರೋಸ್ ಕುಕ್ಕಿ. ನನಗೆ ಒಂದು ಸ್ಟೂಲು, ನಾಲ್ಕು ಕುಕ್ಕಿ ಕೊಟ್ಟರು. ಹುಷಾರಾಗಿಯೇ ಇದ್ದರು.

"ಮೇಷ್ಟ್ರೇ, ಒಂದು ಪ್ರಶ್ನೆ. ಕೆಲಸ ಬಿಟ್ಟ ಮೇಲೆ ಕೆಲಸದ ರೂಲು ಇರತ್ತಾ, ಹೋಗತ್ತಾ?"

"ಯಾವ ರೂಲು?"

"ಕೇಳಿದ್ದನ್ನ ಹೇಳಬಾರದು ಅನ್ನೋದು. ಸೇರಿದ ದಿನ ಸೂಪರ್‌ವೈಸರ್ ಮುಂದೆ ನಿಂತು ಮಾತು ಕೊಟ್ಟಿದ್ದೆ. ನಮ್ಮಮ್ಮಂಗೂ ಏನೂ ಹೇಳಿರಲಿಲ್ಲ. ಅಮ್ಮಂಗೆ ಅದೇ ಕೋಪ, ಊರಿಗೆಲ್ಲ ಕಿವಿ ಕೊಟ್ಟು ಮನೆಗೆ ಬಂದು ಮೂಗಿ ಥರ ಕೂರ್ತಾಳೆ ಅಂತ."

"ಶಿವಮೂರ್ತಿ ವಿಷಯಾನಾ?"

"ನಾನು ಹೆಸರು ಹೇಳಲಿಲ್ಲ." ಅಚ್ಚನ್ನು ಕುಟ್ಟಿ ಒಂದು ಕುಕ್ಕಿ ಬಿಡಿಸಿದರು. "ಫಾದರ್ ಹತ್ರಾನೂ ಹೆಸರು ಹೇಳದೆ ಕೇಳಿದೆ. ಯಂಗ್ ಮ್ಯಾನ್. ನಕ್ಕುಬಿಟ್ರು. ನಾನೂ ಪಾಪನಿವೇದನೆಗೆ ಕೂತು ಕೇಳಿಸ್ಕೊಳ್ಳೋದು, ಹೇಳದೇ ಇರೋದು, ಅದೇ ಕೆಲಸ ಮಾಡೋನು ಮಿಸ್, ನನ್ನನ್ನ ಕೇಳ್ತೀರಲ್ಲಾ ಅಂದ್ರು."

"ಉತ್ತರ ಕೊಡಲೇ ಇಲ್ವಾ?"

"ಕೊಟ್ರು. ಪ್ರಾರ್ಥನೆ ಮಾಡಿ ಅಂದ್ರು. ಗೊತ್ತಿಲ್ಲದಿದ್ದಾಗ ಅವರು ಅದನ್ನೇ ಹೇಳೋದು."

ನಾನು ಕುಕ್ಕಿ ಮುರಿದು ಬಾಯಿಗೆ ಹಾಕಿಕೊಂಡು ದೊಡ್ಡ ಮನಸ್ಸಿನಿಂದ ಸಲಹೆ ಕೊಟ್ಟೆ. "ಹೇಳಿಬಿಡಿ ಮಿಸ್. ಇಷ್ಟು ವರ್ಷ ಆದ ಮೇಲೆ ಯಾವ ರೂಲು?"

"ಹೌದಾ? ನೀವು ಪ್ರಶ್ನೆಪತ್ರಿಕೆ ಹಿಂದಿನ ದಿನ ಹೇಳಿಬಿಡ್ತಿದ್ರಾ? ಪಾಪ, ಹುಡುಗ ಫೇಲಾಗ್ತಾನೆ ಅಂತ?"

ಬಾಯಲ್ಲಿದ್ದ ಕುಕ್ಕಿ ಅಲ್ಲೇ ಉಳಿಯಿತು. ಮಿಸ್ ಬಾಣಲೆಯನ್ನೇ ನೋಡುತ್ತಿದ್ದರು.

"ಹೇಳಿದ್ರೆ ನನ್ನ ಮಾತು ಮುರೀತು. ಹೇಳದಿದ್ರೆ ಆ ಮನುಷ್ಯ ಇಲ್ಲದ್ದನ್ನ ನಂಬ್ಕೊಂಡೇ ಹೋಗ್ತಾರೆ. ಆ ಕಡೆ ತೊಂಬತ್ತು ವರ್ಷದವರು. ಎಷ್ಟು ದಿನ ಇರ್ತಾರೆ?" ಅಚ್ಚು ಎಣ್ಣೆಯಲ್ಲೇ ಇತ್ತು. ಅವರು ಅದನ್ನು ಮರೆತಿದ್ದರು. "ಮೇಷ್ಟ್ರೇ, ಒಂದೊಂದು ಕಾಲಿಗೂ ನಾವು ಒಂದು ಟಿಕೆಟ್ ಬರೀತಿದ್ವಿ. ಎಲ್ಲಿಂದ ಬಂತು, ಯಾವ ನಂಬರಿಗೆ, ಎಷ್ಟು ಗಂಟೆಗೆ, ಎಷ್ಟು ನಿಮಿಷ. ಬಿಲ್ಲು ಮಾಡೋಕೆ. ಅದು ಗುಟ್ಟಲ್ಲ ಅಲ್ವಾ? ಬಿಲ್ಲು ಮನೆಗೇ ಹೋಗ್ತಿತ್ತು. ಟಿಕೆಟ್ಟಲ್ಲಿ ಮಾತು ಬರೀತಿರಲಿಲ್ಲ."

"ಮಿಸ್, ಸೀಯ್ತಿದೆ."

"ಸೀಯಲಿ ಬಿಡಿ" ಎಂದರು. ಅವರ ಮುಖ ಒಂದು ಕಠಿಣ ಲೆಕ್ಕ ಬಿಡಿಸಿದ ವಿದ್ಯಾರ್ಥಿನಿಯ ಮುಖದ ಹಾಗಿತ್ತು.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಕಾಫಿಯಾದ ಮೇಲೆ ಶಿವಮೂರ್ತಿಯವರನ್ನು ವಾಚನಾಲಯದ ಜಗಲಿಗೆ ಕರೆದರು. ನನಗೂ ಬರಲು ಸನ್ನೆ ಮಾಡಿದರು. "ನಾನು ಜಾಸ್ತಿ ಮಾತಾಡಿದ್ರೆ ತಡೀರಿ" ಎಂದರು.

"ಶಿವಮೂರ್ತಿಯವರೇ, ನಿಮ್ಮ ಅಂಗಡಿ ನಂಬರ್ ಕೊನೇಲಿ ಎರಡು ಸೊನ್ನೆ ಅಲ್ವಾ?"

"ಹೌದು, ಅದಕ್ಕೇನೀಗ?"

"ಆ ನಂಬರಿಗೆ ದಾವಣಗೆರೆಯಿಂದ ಕಾಲ್ ಬರ್ತಿತ್ತು. ಸೋಮವಾರ ಮಧ್ಯಾಹ್ನ ಒಂದೂವರೆಗೆ. ಆರು ನಿಮಿಷ. ನಾನು ಡ್ಯೂಟಿಯಲ್ಲಿದ್ದ ಸೋಮವಾರ ಒಂದೂ ತಪ್ಪಿದ್ದಿಲ್ಲ. ನಿಮ್ಮ ತಂದೆ ತೀರಿಕೊಂಡ ವಾರದವರೆಗೂ."

ಶಿವಮೂರ್ತಿ ನಕ್ಕರು. ಒಳ್ಳೆಯ ನಗುವಲ್ಲ ಅದು. "ಮಿಸ್, ನಿಮಗೆ ವಯಸ್ಸಾಯ್ತು. ಯಾರದೋ ನಂಬರು ಇನ್ಯಾರಿಗೋ ಸೇರಿಸ್ತಿದ್ದೀರಿ."

"ವಯಸ್ಸಾಯ್ತು. ನಾನು ನಂಬರ್ ತಪ್ಪಿ ಸೇರಿಸಿಲ್ಲ."

"ಒಂದೂವರೆಗೆ ಅಂಗಡಿ ಬಾಗಿಲು ಹಾಕಿರ್ತಿತ್ತು. ಎಲ್ರೂ ಊಟಕ್ಕೆ ಮನೇಗೆ..." ಎಂದವರು ಅಲ್ಲಿಗೇ ನಿಂತರು. ಜಗಲಿಯ ಕಂಬಕ್ಕೆ ಕೈ ಹಾಕಿದರು. ಆಮೇಲೆ ಮಾತಾಡಿದ್ದು ನಮ್ಮೊಂದಿಗಲ್ಲ ಎನ್ನಿಸಿತು. "ಸೋಮವಾರ ಅಪ್ಪಾಜಿ ಊಟಕ್ಕೆ ಬರ್ತಿರಲಿಲ್ಲ. ಸೋಮವಾರ ನನಗೆ ಒಪ್ಪತ್ತು ಅಂತಿದ್ರು. ಬಾಗಿಲು ಎಳ್ಕೊಂಡು ಅಂಗಡೀಲೇ ಕೂತಿರ್ತಿದ್ರು. ಅಮ್ಮ ಬಾಳೆಹಣ್ಣು, ಹಾಲು ಕಳಿಸೋಳು."

ಹಾಗೆಯೇ ಮೆಟ್ಟಿಲ ಮೇಲೆ ಕೂತರು. ರಸ್ತೆಯಲ್ಲಿ ಸೊಪ್ಪಿನ ಗಾಡಿಯವಳು ಕೂಗಿಕೊಂಡು ಹೋದಳು. ಆಮೇಲೆ ತಲೆಯೆತ್ತಿ ಕೇಳಿದರು.

"ಏನ್ ಮಾತಾಡ್ತಿದ್ರು ಮಿಸ್?"

"ಅದು ನನ್ನ ಹತ್ರ ಇಲ್ಲ."

"ಇದೆ. ನಿಮಗೆ ಗೊತ್ತು."

"ಅದನ್ನ ಮಾತಾಡಿದೋರನ್ನೇ ಕೇಳಬೇಕು. ಇಬ್ಬರಲ್ಲಿ ಒಬ್ಬರು ಇದಾರಲ್ಲ."

ಅಷ್ಟು ಹೇಳಿ ಮಿಸ್ ಕೊಡೆ ಬಿಚ್ಚಿಕೊಂಡು ಬಿಸಿಲಿಗೆ ಇಳಿದರು.

ಮೂರು ಭಾನುವಾರ ಶಿವಮೂರ್ತಿ ಸುಳಿಯಲಿಲ್ಲ. ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಹಿಂದಿಲ್ಲದ ಕಹಿ ಎಬ್ಬಿಸಿದೆವೇನೋ ಎಂದು ನಾನು ಮಿಸ್ ಮುಂದೆ ಪೇಚಾಡಿದೆ. "ಕಾಯಬೇಕು ಮೇಷ್ಟ್ರೇ. ಲೈನ್ ಬಿಜಿ ಇದೆ ಅಂದ್ರೆ ಆ ಕಡೆ ಯಾರೋ ಇದಾರೆ ಅಂತ ತಾನೇ?" ಎಂದರು. ಹಾಗೆಂದರೂ ಪ್ರತಿ ಸಲ ಬಾಗಿಲು ಕಿರುಗುಟ್ಟಿದಾಗ ಅವರೇ ಮೊದಲು ತಿರುಗುತ್ತಿದ್ದರು.

ನಾಲ್ಕನೆಯ ಭಾನುವಾರ ಶಿವಮೂರ್ತಿ ಬಂದರು. ಕೈಯಲ್ಲಿ ಎರಡು ದೊಡ್ಡ ಡಬ್ಬಿ ಹೋಳಿಗೆ. ಅವತ್ತು ಪ್ರೊಜೆಕ್ಟರ್ ಹಚ್ಚಲೇ ಇಲ್ಲ. ಅವರು ನೇರವಾಗಿ ಬಂದು ಮಿಸ್ ಪಕ್ಕ ಬೆಂಚಿನಲ್ಲಿ ಕೂತರು, ಕೇಳುವ ಕಿವಿಯ ಕಡೆಗೆ.

"ಹೋಗಿದ್ದೆ ಮಿಸ್. ನಂಜುಂಡನ ಹತ್ರ ಆ ಫೋಟೋ ಮಾಡಿಸ್ಕೊಂಡು ಹೋದೆ. ಮಂಚದ ಮೇಲೆ ಕೂತಿದ್ರು. ಫೋಟೋ ಕೈಗೆ ಕೊಟ್ಟೆ. ನೋಡಿದ್ರು, ನನ್ನ ನೋಡಿದ್ರು. 'ಗೇಟು ತೆಗೆದ್ಯಾ ಮರಿ?' ಅಂದ್ರು."

ಶಿವಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡರು. ನಾವೆಲ್ಲ ಬೇರೆ ಕಡೆ ನೋಡಿದೆವು.

"ಹೌದಾ? ಆಮೇಲೆ?" ಎಂದರು ಮಿಸ್.

"ಅಜ್ಜಿ ಅಪ್ಪಾಜಿ ಕೈಲಿ ಆಣೆ ಹಾಕಿಸ್ಕೊಂಡಿದ್ಲಂತೆ. ಅವನು ನಿನ್ನ ಹೊಸಿಲು ತುಳೀಬಾರದು, ನೀನು ಅವನ ಹೊಸಿಲು ತುಳೀಬಾರದು ಅಂತ. ಅಪ್ಪಾಜಿ ಏನಂತಿದ್ರಂತೆ ಗೊತ್ತಾ? ಫೋನಿಗೆ ಹೊಸಿಲು ಇಲ್ವಲ್ಲೋ ಅಂತ!"

ಕೋಣೆಯೆಲ್ಲ ನಕ್ಕಿತು. ಮಿಸ್ ಎಲ್ಲರಿಗಿಂತ ಜೋರಾಗಿ ನಕ್ಕರು. "ಅಬ್ಬಾ! ಏನ್ ಮಾತಾಡ್ತಿದ್ರಂತೆ?"

"ಏನೂ ಇಲ್ಲ! ಅದೇ ಮಜಾ. ಅಮ್ಮನ ಮಂಡಿ ನೋವು ಹೆಂಗಿದೆ, ಆ ಕಡೆ ಮಾವಿನಕಾಯಿ ಬಂತಾ, ನಿನ್ನ ಟೆರಿಲಿನ್ ಹೋಗ್ತಿದೆಯಾ. ಆರು ನಿಮಿಷದಲ್ಲಿ ಮೂರು ನಿಮಿಷ ಟೆರಿಲಿನ್ನಿಗೇ ಬೈಗುಳ. ಯಾರಿಗೂ ಹೇಳಬೇಡ ಅಂತ ಅಪ್ಪಾಜಿ ಮಾತು ತಗೊಂಡಿದ್ರಂತೆ. ಅದಕ್ಕೇ ಅವತ್ತು ಗೇಟಲ್ಲಿ..." ಶಿವಮೂರ್ತಿ ಕನ್ನಡಕ ಮತ್ತೆ ಹಾಕಿಕೊಂಡರು. "ಒಂದು ಮಾತು ಹೇಳಿದ್ದಿದ್ರೆ ನಾನು ಒಳಗೆ ಬಿಡ್ತಿದ್ದೆ ಅಂದೆ. ಅಣ್ಣಂಗೆ ಮಾತು ಕೊಟ್ಟಿದ್ದೆ ಕಣೋ, ಅವನ ಹೆಣದ ಮುಂದೆ ಹೆಂಗೆ ಮುರಿಯಲಿ ಅಂದ್ರು."

ಮಿಸ್ ತಲೆದೂಗಿದರು. "ಒಳ್ಳೆ ಮನುಷ್ಯ" ಎಂದರು.

"ನಿಮ್ಮನ್ನ ಕೇಳಿದ್ರು ಮಿಸ್."

"ನನ್ನನ್ನಾ?"

"ನಿಮ್ಮ ಹೆಸರು ಗೊತ್ತಿಲ್ಲ ಅವರಿಗೆ. ಮೈಸೂರು ಬೋರ್ಡಲ್ಲಿ ಒಬ್ಳು ಹುಡುಗಿ ಇದ್ಲು, ಇದಾಳಾ ಅಂತ. ಮೊದಲನೇ ಸಲ ಕಾಲ್ ಬುಕ್ ಮಾಡಿಬಿಟ್ರಂತೆ, ಲೈನ್ ಸೇರ್ತಂತೆ, ಅಪ್ಪಾಜಿ ಫೋನೆತ್ತಿದ್ರಂತೆ. ಇಬ್ರಿಗೂ ಬಾಯಿ ಬರಲಿಲ್ವಂತೆ. ಇವರು ಇಟ್ಟುಬಿಡೋಣ ಅಂತ ಫೋನು ಕೆಳಗೆ ತಂದಿದ್ರಂತೆ. ಆಗ ಆ ಹುಡುಗಿ, 'ಮಾತಾಡಿ ಸಾರ್, ದಯವಿಟ್ಟು ಮಾತಾಡಿ, ಅವರು ಲೈನಲ್ಲೇ ಇದಾರೆ, ಮಾತಾಡಿ' ಅಂದ್ಲಂತೆ. ಒಂದ್ಸಲ ಅಲ್ಲ, ಮೂರು ಸಲ. ಅದಕ್ಕೇ ಅಣ್ಣಾ ಅಂದೆ ಕಣಪ್ಪ, ಇಲ್ದಿದ್ರೆ ಅವತ್ತೇ ಮುಗೀತಿತ್ತು ಅಂದ್ರು."

ಇದಕ್ಕೆ ಮಿಸ್ "ಹೌದಾ" ಅನ್ನಲಿಲ್ಲ. ಮಡಿಲಲ್ಲಿದ್ದ ಕೈಯನ್ನು ನೋಡುತ್ತ ಕೂತರು. ನಂಜುಂಡ ಹೋಳಿಗೆ ಹಂಚಿದ. ತುಪ್ಪ ಹೆಚ್ಚಾಯಿತೆಂದು ಒಬ್ಬರು, ಸಾಲದೆಂದು ಇನ್ನೊಬ್ಬರು ಜಗಳ ತೆಗೆದರು.

ಬಸ್ ಸ್ಟಾಪಿನವರೆಗೆ ಅವರ ಜೊತೆ ನಡೆದೆ. ನನಗೆ ತಡೆಯಲಾಗಲಿಲ್ಲ. "ಮಿಸ್, ಆ ಮಾವಿನಕಾಯಿ, ಟೆರಿ‌ಲಿನ್ ಎಲ್ಲ ನಿಮಗೆ ಗೊತ್ತಿದ್ದದ್ದೇ ಅಲ್ವಾ? ಹೊಸದಾಗಿ ಕೇಳೋರ ಹಾಗೆ ಹೌದಾ ಹೌದಾ ಅಂದ್ರಿ."

"ಅವರು ಹೊಸದಾಗಿ ಹೇಳ್ತಿದ್ರಲ್ಲ ಮೇಷ್ಟ್ರೇ. ಕೇಳೋರೂ ಹೊಸದಾಗಿ ಕೇಳಬೇಕು."

ಸ್ವಲ್ಪ ದೂರ ನಡೆದರು. ಆಮೇಲೆ ತಾವಾಗಿಯೇ ಹೇಳಿದರು.

"ಕೊನೇದು ಮಾತ್ರ ಗೊತ್ತಿರಲಿಲ್ಲ. ಆ ಹೊತ್ತಿಗೆ ಅವರಿಬ್ಬರೂ ಇನ್ನೂ ಏನೂ ಮಾತಾಡಿರಲಿಲ್ಲ, ಹಾಗಾಗಿ ಇದನ್ನ ನಿಮಗೆ ಹೇಳಬಹುದು. ಎರಡು ಕಡೆಯಿಂದಲೂ ಸದ್ದಿಲ್ಲ. ನಾನು ಲೈನ್ ಕೆಟ್ಟಿದೆ ಅಂದ್ಕೊಂಡೆ. ಟೆಸ್ಟ್ ಮಾಡೋಕೆ ಮಾತಾಡಿ, ಮಾತಾಡಿ ಅಂದಿದ್ದು. ಅಷ್ಟೇ!"

ಬಸ್ಸು ಬಂತು. ಕೊಡೆ ಮಡಚಿ, ಸೀರೆಯ ನೆರಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಹತ್ತಿದವರು ಕಂಬಿ ಹಿಡಿದು ತಿರುಗಿದರು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು.

"ಫಾಲ್ಟ್ ಬುಕ್ಕಿನಲ್ಲೂ ಬರೆದುಬಿಟ್ಟೆ ಮೇಷ್ಟ್ರೇ, ದಾವಣಗೆರೆ ಲೈನ್ ಸರಿಯಿಲ್ಲ ಅಂತ! ಪಾಪ, ಮೆಕ್ಯಾನಿಕ್ಕು ಎರಡು ದಿನ ಹುಡುಕಿದ. ಏನೂ ಸಿಗಲಿಲ್ಲ."